ಮೂರನೆಯ ಚಿತ್ರ

ಮಹಾಪ್ರಬಂಧ ಒಪ್ಪಿಸಲು ಇನ್ನು ಹನ್ನೆರಡೇ ದಿನ. ಶಶಿಪ್ರಭಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮೂಡಬಿದಿರೆಯ ಶಿಕ್ಷಕರ ತರಬೇತಿ ಶಾಲೆಯಲ್ಲಿ ಪಾಠ ಹೇಳಿಕೊಂಡೇ ಐದು ವರ್ಷ ಒದ್ದಾಡಿ, ೧೯೬೬ರಲ್ಲಿ ಶಿಕ್ಷಣಶಾಸ್ತ್ರದ ಡಾಕ್ಟರೇಟಿನ ಹೊಸ್ತಿಲಿಗೆ ಬಂದಿದ್ದಳು. ಮದುವೆ ಬಿಟ್ಟು ಇದೆಂಥ ಹುಚ್ಚು ಎಂದು ಕೇಳಿ ಕೇಳಿ ನೆಂಟರಿಷ್ಟರು ಸುಸ್ತಾಗಿದ್ದರು.

ಅವಳ ಸಂಶೋಧನೆ ಇಷ್ಟೇ. ಒಂದನೇ ಕ್ಲಾಸಿನ ಮಕ್ಕಳಿಗೆ ಸುಲಭದಿಂದ ಕಷ್ಟಕ್ಕೆ ಹತ್ತು ಚಿತ್ರ ತೋರಿಸಿ ಇದೇನು ಎಂದು ಕೇಳುವುದು. ಗೊತ್ತಾಗದೆ ಮಗು ‘ಇಲ್ಲ’ ಎಂದ ಕೂಡಲೇ ನಿಲ್ಲಿಸುವುದು. ಕೇಳುವವನಿಗೆ ಊರಿನ ಭಾಷೆಯಾದ ತುಳು ಬಂದರೆ ಸುಳಿವು ಕೊಟ್ಟಾನು ಎಂದು ಮಾರ್ಗದರ್ಶಕರು ಘಟ್ಟದ ಮೇಲಿನ ಸುಬ್ಬಪ್ಪನೆಂಬ ಸಹಾಯಕನನ್ನು ಕಳಿಸಿದ್ದರು. ತುಳುವಿನ ಗಂಧಗಾಳಿಯಿಲ್ಲದ ಆ ಪ್ರಾಮಾಣಿಕ ಮನುಷ್ಯ ಬೆಳ್ತಂಗಡಿ ತಾಲೂಕಿನ ಹದಿನೆಂಟು ಶಾಲೆ ತಿರುಗಿ ಬಂದ. ನಾನೂರು ಮಕ್ಕಳಲ್ಲಿ ಹೆಚ್ಚಿನವರು ಮರ, ಕಣ್ಣು ಎರಡನ್ನೂ ಹೇಳಿ, ಮೂರನೆಯ ಚಿತ್ರಕ್ಕೇ ‘ಇಲ್ಲ’ ಎಂದು ಕೈಚೆಲ್ಲಿದ್ದರು. ಇಂಥ ಮಕ್ಕಳು ಒಂದನೇ ಕ್ಲಾಸಿನಲ್ಲಿ ಎರಡು ವರ್ಷ ಕೂರಬೇಕು ಎಂದು ಶಶಿಪ್ರಭಾ ತೀರ್ಮಾನಿಸಿದಳು. ಹಿಂದಿನ ವರ್ಷ ಬಂಟ್ವಾಳದ ಶಿಕ್ಷಕರ ಸಮ್ಮೇಳನದಲ್ಲಿ ಅದನ್ನು ಓದಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದಳು.

ಈಗ ಒಂದು ಹುಳ ತಲೆಯೊಳಗೆ ಹೊಕ್ಕಿತ್ತು. ನೀವೇ ಒಂದು ಮಗುವನ್ನಾದರೂ ಪರೀಕ್ಷಿಸಿದ್ದೀರಾ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ಏನು ಹೇಳುವುದು? ಬೆಳಗಾದದ್ದೇ ಬಸ್ಸು ಹತ್ತಿ, ಮುಂಡಾಜೆ ಕಡೆಯ ಒಂದು ಶಾಲೆಯ ಎದುರು ಇಳಿದಳು. ಮುಖ್ಯೋಪಾಧ್ಯಾಯ ಡೊಂಬಯ್ಯ ಒಂದನೇ ಕ್ಲಾಸಿನ ಸೇಸಮ್ಮ ಎಂಬ ಹುಡುಗಿಯನ್ನು ಕರೆದು ಕೂರಿಸಿದರು.

ಮೂರನೆಯ ಚಿತ್ರದಲ್ಲಿ ಹಂಚಿನ ಮನೆಯಿತ್ತು. ಇದೇನು?

“ಇಲ್ಲ್,” ಎಂದಳು ಸೇಸಮ್ಮ.

ಶಶಿಪ್ರಭಾ ‘ಇಲ್ಲ’ ಎಂದು ಬರೆದುಕೊಂಡು ಚಿತ್ರ ತೆಗೆದಿಟ್ಟಳು. ಹುಡುಗಿ ಬಿಡಲಿಲ್ಲ. ಚಿತ್ರವನ್ನು ಎಳೆದುಕೊಂಡು ಮಾಡಿನ ಹಂಚಿನ ಮೇಲೆ ಬೆರಳಿಟ್ಟಳು.

“ಎಂಕ್ಲೆನ ಇಲ್ಲ್‌ಗ್ ಓಡು ಇಜ್ಜಿ.”

ನಮ್ಮ ಮನೆಗೆ ಹಂಚಿಲ್ಲ. ಶಶಿಪ್ರಭಾ ತಾನು ಬರೆದುಕೊಂಡ ‘ಇಲ್ಲ’ವನ್ನು ಮತ್ತೊಮ್ಮೆ ಓದಿದಳು. ತುಳುವಿನಲ್ಲಿ ಇಲ್ಲ್ ಎಂದರೆ ಮನೆ; ಇಲ್ಲ ಎನ್ನಲು ‘ಇಜ್ಜಿ’. ಹುಟ್ಟಿದಂದಿನಿಂದ ಅಮ್ಮನ ಹತ್ತಿರ ತುಳುವಿನಲ್ಲೇ ಜಗಳಾಡಿದವಳು, ಕನ್ನಡದ ಕಾಗದ ಕಂಡರೆ ಮಾತ್ರ ಮನೆಮಾತನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಬರುತ್ತಿದ್ದಳು. ನಾನೂರು ಹಾಳೆಗಳನ್ನು ಎರಡು ವರ್ಷ ತಿರುವಿ ಹಾಕಿದರೂ ಆ ಶಬ್ದ ಒಮ್ಮೆಯೂ ಅವಳ ಕಿವಿಗೆ ಬಿದ್ದಿರಲಿಲ್ಲ. ನಾಚಿಕೆಯಾಯಿತು, ಸಿಟ್ಟೂ ಬಂತು.

ಎದ್ದು ಜಗಲಿಯಲ್ಲಿ ಶತಪಥ ತಿರುಗಿದಳು. ಬಾಯಿ ಮುಚ್ಚಿಕೊಂಡರೆ ಯಾರಿಗೂ ಗೊತ್ತಾಗದು. ಪರೀಕ್ಷಕರಿಗೆ ತುಳು ಎಲ್ಲಿಂದ ಬರಬೇಕು? ಬೇಕಿದ್ದರೆ ಒಂದು ಅಡಿಟಿಪ್ಪಣಿ. ಹಾಗೆಯೇ ಮಾಡುವುದೆಂದು ಹೆಚ್ಚುಕಡಿಮೆ ಗಟ್ಟಿ ಮಾಡಿಕೊಂಡು, ಇಷ್ಟು ಚುರುಕಿನ ಹುಡುಗಿ ಏಳು ವರ್ಷವಾದರೂ ಒಂದನೇ ಕ್ಲಾಸಿನಲ್ಲೇ ಯಾಕೆ ಎಂದು ಡೊಂಬಯ್ಯನವರನ್ನು ಕೇಳಿದಳು.

“ನೀವೇ ಬಂಟ್ವಾಳದಲ್ಲಿ ಹೇಳಿದ್ದಲ್ವಾ ಮೇಡಂ,” ಎಂದರು ಅವರು, ಹೆಮ್ಮೆಯಿಂದಲೇ. “ಇವಳು ಸೇರಿ ಹದಿನೇಳು ಮಕ್ಕಳನ್ನು ಹಾಗೇ ಕೂರಿಸಿದ್ದೇನೆ.”

ಆಮೇಲೆ ಅಡಿಟಿಪ್ಪಣಿಯ ಮಾತು ಅವಳ ಮನಸ್ಸಿಗೆ ಬರಲಿಲ್ಲ. ಅವರನ್ನೆಲ್ಲ ಈಗಲೇ ಮೇಲಿನ ಕ್ಲಾಸಿಗೆ ಹಾಕಿ ಎಂದು ಹೇಳಿ, ಆದದ್ದನ್ನು ವಿವರಿಸಿದಳು. ಡೊಂಬಯ್ಯ ಹಾಜರಿ ಪುಸ್ತಕ ತೆರೆದು ಹದಿನೇಳು ಹೆಸರಿಗೂ ಗುರುತು ಹಾಕಿದರು.

“ಬರೆದು ಕೊಡ್ಬೇಕಾಗ್ತದೆ. ಇನ್ಸ್‌ಪೆಕ್ಟರರಿಗೆ ಒಂದು ಪ್ರತಿ ಹೋಗ್ತದೆ. ನಿಮ್ಮ ಡಿಗ್ರಿಗೆ ತೊಂದರೆ ಆಗುದಿಲ್ವಾ?”

“ಆಗ್ತದೆ. ಕಾಗದ ಉಂಟಾ?”

ಮಕ್ಕಳು ಸರಿಯಾಗಿಯೇ ಉತ್ತರಿಸಿದ್ದಾರೆ, ಕೇಳಿದ ನಮಗೆ ತಿಳಿಯಲಿಲ್ಲ ಎಂದು ಬರೆದು ಸಹಿ ಹಾಕಿದಳು.

ಮುಂದಿನ ಸೋಮವಾರ ಹದಿನೇಳು ಮಕ್ಕಳು ಎರಡನೇ ಕ್ಲಾಸಿಗೆ ಹೋದರು. ತಿಂಗಳ ಮೇಲೆ ವಿಶ್ವವಿದ್ಯಾನಿಲಯದ ಕಾಗದ ಬಂತು: ಈ ಮಹಾಪ್ರಬಂಧ ಸಲ್ಲದು, ಬೇಕಾದರೆ ಹೊಸದಾಗಿ ನೋಂದಾಯಿಸಿಕೊಳ್ಳಬಹುದು. ಶಶಿಪ್ರಭಾ ಒಂದು ದಿನವಿಡೀ ಅತ್ತು, ಮರುದಿನ ಅರ್ಜಿ ತುಂಬಿ, ಡಾಕ್ಟರೇಟಿನಲ್ಲಿ ತಾನೇ ಮತ್ತೆ ಒಂದನೇ ಕ್ಲಾಸಿಗೆ ಬಂದು ಕೂತಳು.