ಗೋರಖಪುರದ ಗಾಡಿಗೆ ಎರಡು ಟಿಕೀಟು

ನಾಗಪುರದಿಂದ ನೇಪಾಳಕ್ಕೆ ಮೂರು ದಾರಿ. ದುಡ್ಡಿದ್ದವರು ವಿಮಾನದಲ್ಲಿ ದಿಲ್ಲಿಗೆ ಹೋಗಿ, ಅಲ್ಲಿಂದ ಇನ್ನೊಂದು ವಿಮಾನ ಹಿಡಿದು ಕಾಠಮಾಂಡುವಿನಲ್ಲಿ ಇಳಿಯುತ್ತಾರೆ. ಭಕ್ತಿ ಇದ್ದವರು ಊರಿನ ಹಳೇ ಪೇಟೆ ಮಹಾಲ್‌ನಿಂದ ಹೊರಡುವ ಯಾತ್ರಾ ಬಸ್ಸು ಹತ್ತಿ, ಅಡಿಗೆಯವರ ಸಮೇತ, ಜಬಲ್ಪುರ, ಕಾಶಿ ಅಂತ ಸಿಕ್ಕ ಹೊಳೆಯಲ್ಲೆಲ್ಲ ಮೀಯುತ್ತ ಪಶುಪತಿನಾಥನ ತನಕ ಮುಟ್ಟುತ್ತಾರೆ. ಎರಡೂ ಇಲ್ಲದವರಿಗೆ ಗೋರಖಪುರದ ಗಾಡಿ. ಗೋರಖಪುರದಲ್ಲಿ ಇಳಿದು ಜೀಪು ಹತ್ತಿದರೆ ಮೂರು ತಾಸಿಗೆ ಸೋನೌಲಿ. ಅಲ್ಲೊಂದು ಕಮಾನು. ಈ ಕಡೆ ಹಿಂದುಸ್ತಾನ, ಆ ಕಡೆ ನೇಪಾಳ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಸಂತೆಗೆ ಹೋದಂತೆ ನಡೆದು ದಾಟಬಹುದು. ಯಾರೂ ಏನೂ ಕೇಳುವುದಿಲ್ಲ.

ದಿನಕ್ಕೆ ಹತ್ತು ಸಲ ಇದನ್ನು ಗಿರಾಕಿಗಳಿಗೆ ಹೇಳುತ್ತಿದ್ದೆ. ಎಂಟನೇ ಇಯತ್ತೆಗೆ ಸಾಲಿ ಬಿಟ್ಟು ಮಹಾಲ್‌ನ ಒಂದು ಯಾತ್ರಾ ಅಂಗಡಿಯಲ್ಲಿ ಸೇರಿದವ ನಾನು, ಗಿರಿಧರ. ಸ್ಟೇಶನ್ನಿನ ರಿಸರ್ವೇಶನ್ ಸಾಲಿನಲ್ಲಿ ನಿಂತು ಜನರಿಗೆ ಟಿಕೀಟು ತರುವುದು ನನ್ನ ಕೆಲಸ. ನಾನು ಮಾತ್ರ ಉತ್ತರಕ್ಕೆ ಇಟಾರಸಿ ಸ್ಟೇಶನ್ ದಾಟಿದವನಲ್ಲ.

ತೊಂಬತ್ತೇಳರ ಮೇ ತಿಂಗಳಲ್ಲಿ ಉಮಾಕಾಂತ ಮಾಮಾ ನಮ್ಮ ಪ್ರತಾಪ ನಗರದ ಬಾಡಿಗೆ ಮನೆಯಲ್ಲಿ ರೊಟ್ಟಿ ಮುರಿಯುತ್ತ ಹೇಳಿದ: "ಗಿರ್ಯಾ, ಗೋರಖಪುರಕ್ಕ ಎರಡು ಟಿಕೀಟ ತಗಸು. ನಂದೊಂದು, ನಮ್ರತಾಂದೊಂದು. ಭೈರಹವಾದಾಗ ಬಿಸ್ಕೀಟ ಕಾರ್ಖಾನಿ ಐತಿ, ನೌಕರಿ ಆಗೇತಿ."

ಭೈರಹವಾ ಅಂದರೆ ಸೋನೌಲಿಯ ಕಮಾನು ದಾಟಿದರೆ ಸಿಗುವ ಊರು. ನಮ್ರತಾ ನನ್ನ ಅಕ್ಕ. ಉಮಾಕಾಂತ ನಮ್ಮ ಅವ್ವನ ತಮ್ಮ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವ. ಅಪ್ಪ ಗುರುಸಿದ್ದಪ್ಪ ಆರ್ಡಿನನ್ಸ್ ಫ್ಯಾಕ್ಟರಿಯಲ್ಲಿದ್ದ. ಗದಗಿನಿಂದ ಈ ಊರಿಗೆ ನೌಕರಿಗೆ ಬಂದವ. ಅವನು ಎದೆನೋವಿನಿಂದ ಸತ್ತ ವರ್ಷವೇ ಅವ್ವ ಅಕ್ಕನನ್ನು ತನ್ನ ತಮ್ಮನಿಗೆ ಧಾರೆ ಎರೆದಳು. ನಮ್ಮಲ್ಲಿ ಸೋದರಮಾವನಿಗೆ ಕೊಡುವುದು ಹೊಸದಲ್ಲ. ಹುಡುಗಿ ಹೊರಗೆ ಹೋಗುವುದಿಲ್ಲ, ತವರು ಮುರಿಯುವುದಿಲ್ಲ, ಮಾವನಾದವ ಹೂವಿನಂತೆ ನೋಡಿಕೊಳ್ಳುತ್ತಾನೆ ಅನ್ನುತ್ತಾರೆ. ನಮ್ಮ ಮಾಮಾ ಹೂವಿನಂತೆ ನೋಡಿಕೊಂಡದ್ದಕ್ಕೆ ಎರಡು ವರ್ಷದಲ್ಲಿ ಅಕ್ಕನ ಎಡಗಿವಿ ಕಿವುಡಾಯಿತು. ಕಿರುಬೆರಳು ಮುರಿದು ಸೊಟ್ಟಗೆ ಕೂಡಿತು. ಒಮ್ಮೆ ನಾನು ಪೊಲೀಸ್ ಚೌಕಿಗೂ ಹೋಗಿದ್ದೆ. ಹೊಡೆದವನು ಯಾರು ಅಂತ ಕೇಳಿದರು. ಅವಳ ಗಂಡ ಅಂದೆ. "ಘರ್ ಕಾ ಮಾಮ್ಲಾ", ಮನೆಯ ಮಾತು, ಅಂದು ಬರೆದುಕೊಳ್ಳುತ್ತಿದ್ದ ಪೊಲೀಸ ಪೆನ್ನಿಗೆ ಟೋಪಿ ಹಾಕಿಬಿಟ್ಟ.

"ಅಕ್ಕ ಬರೂದಿಲ್ಲ," ಅಂದೆ.

ಮಾಮಾ ರೊಟ್ಟಿ ಅಗಿಯುತ್ತಲೇ ನಕ್ಕ. "ನೀ ಯಾಂವಲೇ ಹೇಳಾಂವ? ಅಕಿನ ಬಾಯಿ ಎಲ್ಲಿ ಹೋಗೇತಿ?"

"ಬಾಯಿ ಐತಿ. ಕಿವಿ ನೀ ತಿಂದಿ."

ಅವನು ತಾಟು ಎತ್ತಿ ನನ್ನ ಮುಖಕ್ಕೆ ಬೀಸಿದ. ಹುಬ್ಬು ಸೀಳಿತು. ಕೈಗೆ ಸಿಕ್ಕ ಹಿತ್ತಾಳೆ ತಂಬಿಗೆಯಿಂದ ನಾನು ಅವನ ಹೆಗಲಿಗೆ ಬಡಿದೆ. ಎರಡನೇ ಏಟು ಬೀಳುವ ಮೊದಲೇ ಅವನು ನನ್ನನ್ನು ಗೋಡೆಗೆ ಒತ್ತಿ, ಕೂದಲು ಹಿಡಿದು, ಉರಿಯುವ ಸ್ಟೋವಿನ ಕಡೆ ಮುಖ ಬಗ್ಗಿಸಿದ. ಹುಬ್ಬಿನ ರಕ್ತ ಬರ್ನರಿನ ಮೇಲೆ ಬಿದ್ದು ಚುಂಯ್ ಅಂದಿತು. ಹತ್ತು ವರ್ಷ ಮಶೀನು ತಿರುವಿದ ಕೈ ಅದು.

"ಬಿಡೋ ಉಮಾ, ಬಿಡೋ, ಹುಡುಗ ಐತಿ," ಅಂತ ಅವ್ವ ಅವನ ಕೈಗೆ ಜೋತುಬಿದ್ದಳು. ಬಿಟ್ಟ. ಬಿಟ್ಟು ಅಕ್ಕನ ಕಡೆ ತಿರುಗಿದ.

"ನೀ ಬರಲಿಲ್ಲಂದ್ರ ಇವನ ಎರಡೂ ಕೈ ಮುರದ ಹೋಗ್ತೀನಿ. ತಿಳೀತಿಲ್ಲೋ?"

ಅಕ್ಕ ಬಲಗಿವಿ ಅವನ ಕಡೆ ತಿರುಗಿಸಿ ಕೇಳಿಸಿಕೊಂಡಳು. ತಿಳಿಯಿತು ಅಂತ ಗೋಣು ಹಾಕಿದಳು.

ಅವನು ಹೋದ ಮೇಲೆ ಅವ್ವ ನನ್ನ ಹುಬ್ಬಿಗೆ ಅರಿಶಿಣ ಒತ್ತುತ್ತ ಅವನ ಪರವಾಗಿಯೇ ಮಾತಾಡಿದಳು. "ಸಿಟ್ಟಿನಾಂವ, ಖರೆ. ಆದ್ರ ನನ್ನ ತವರಿನ್ಯಾಗ ಉಳಿದಾಂವ ಅವನೊಬ್ಬನ. ದೂರ ಹೋದ್ರ ತಾನ ಸುಧಾರಸ್ತಾನ."

"ದೂರ ಹೋದ್ರ ಹೆಣಾನೂ ತಿರುಗಿ ಬರೂದಿಲ್ಲವ್ವಾ."

"ಬಿಡ್ತು ಅನ್ನು!" ಅಂತ ನನ್ನ ಬಾಯಿಗೆ ಹೊಡೆದಳು.

ನೀರು ತುಂಬಲಿಕ್ಕೆ ನಳದ ಹತ್ತಿರ ಹೋದಾಗ ಅಕ್ಕ ಹೇಳಿದಳು: "ಗಿರೀ, ಇಲ್ಲಿ ಚೀರಿದ್ರ ಬಾಜೂ ಮನಿ ಕಾಕೂ ಬಾಗಿಲಾ ಬಡೀತಾಳ. ಅಲ್ಲಿ ಚೀರಿದ್ರ ಯಾರು ಬರ್ತಾರ? ಅಲ್ಲಿ ನಾ ವರ್ಷ ತುಂಬೂದಿಲ್ಲ." ಅಳಲಿಲ್ಲ. ಕೊಡ ಎತ್ತಿ ಸೊಂಟಕ್ಕಿಟ್ಟಳು.

ನಾನು ಟಿಕೀಟು ತೆಗೆಸಿದೆ. ನಾನು ತೆಗೆಸದಿದ್ದರೆ ಅವನೇ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದ, ಮೊದಲು ನನ್ನ ಕೈ ಮುರಿದು.

ಆ ವಾರವೇ ಸೋಮಣ್ಣ ಅಂಗಡಿಗೆ ಬಂದರು. ಹುಬ್ಬಳ್ಳಿ ಕಡೆಯವರು, ರೈಲ್ವೆ ಗಾರ್ಡ್ ಆಗಿ ರಿಟೈರ್ ಆದವರು. ಹೆಂಡತಿ ಕಲಾವತಿಯವರನ್ನು ಕರೆದುಕೊಂಡು ಪಶುಪತಿನಾಥನ ದರ್ಶನಕ್ಕೆ ಹೋಗಿ ಬಂದು, ನಮಗೆ ಪ್ರಸಾದ ಕೊಡಲು ಬಂದಿದ್ದರು.

"ತಮ್ಮಾ, ಬದುಕಿ ಬಂದದ್ದ ದೊಡ್ಡದು ನೋಡು," ಅಂತ ಹೊಟ್ಟೆ ಕುಣಿಸಿ ನಕ್ಕರು. "ಸೋನೌಲಿಯೊಳಗ ಹೆಣ್ಣುಮಕ್ಕಳದೊಂದು ಸಂಸ್ಥಾ ಐತಂತ. ಹುಡುಗ್ಯಾರನ್ನ ಕದ್ದು ಮಾರಾಕ ಒಯ್ಯೋರನ್ನ ಹಿಡೀತಾರ. ನಾವು ತಿರುಗಿ ಬರೂಮುಂದ ನಮ್ಮ ಕಲಾವತೀನ ಬಾಜೂಕ ಕರದು, ಇಂವ ನಿಮಗೇನಾಗಬೇಕು ಅಂತ ಕೇಳಿದ್ರು. ಇಕಿಗಿ ಗಂಡನ ಹೆಸರು ಹೇಳಾಕ ನಾಚಿಕಿ. 'ಮಾಮಾ' ಅಂದ್ಲು! ನಾ ಇತ್ತಾಗ 'ಬೀವಿ' ಅಂದೇನಿ. ನನ್ನ ಅಕ್ಕನ ಮಗಳಪಾ ಅಕಿ, ಸಣ್ಣಂದಿನಿಂದ ಮಾಮಾ ಅಂತಾಳ, ಮೂವತ್ತು ವರ್ಷಾತು ಲಗ್ನಾಗಿ, ಇನ್ನೂ ಮಾಮಾ! ಆ ಮಂದಿಯೊಳಗ ಮಾಮಾ ಅಂದ್ರ ಅಪ್ಪನ ಸಮ, ಅವನ ಜೋಡಿ ಲಗ್ನಾ ಅಂದ್ರ ಮಹಾಪಾಪ. ಒಬ್ಬ ಪೊಲೀಸ ನನ್ನ ಕಾಲರಿಗೇ ಕೈ ಹಾಕಿದ. ಇಕಿ ನೆರೆತ ಕೂದಲಾ ನೋಡಿ ಬಿಟ್ಟ, ಇಲ್ಲಂದ್ರ ನನ್ನ ಹಲ್ಲು ಅಲ್ಲೇ ಪಶುಪತಿನಾಥಗ ಅರ್ಪಣ."

ನಾನು ನಗಲಿಲ್ಲ. ಪ್ರಸಾದ ಕೈಯಲ್ಲೇ ಹಿಟ್ಟಾಯಿತು. ಅಕ್ಕನೂ ಅವನನ್ನು ಮಾಮಾ ಅಂತಲೇ ಕರೆಯುತ್ತಾಳೆ. ಗಂಡ ಹೊಡೆದರೆ ಮನೆಯ ಮಾತು. ಮಾಮಾ ಅನ್ನಿಸಿಕೊಂಡವ ಹೆಂಡತಿ ಅಂದರೆ?

ಮನೆಗೆ ಹೋಗಿ ಅಕ್ಕನ ಬಲಗಿವಿಗೆ ಒಂದೇ ಮಾತು ಹೇಳಿದೆ. "ಸ್ಟೇಶನ್ನಿನ್ಯಾಗ ಪೊಲೀಸ ಬಂದು ಇಂವ ಯಾರು ಅಂತ ಕೇಳಿದ್ರ, ನೀ ದಿನಾ ಏನಂತ ಕರೀತಿ ಅಷ್ಟ ಹೇಳು. ಹೆಚ್ಚಿಗಿ ಒಂದು ಮಾತು ಬ್ಯಾಡ."

"ಅವ್ವನೂ ಬರ್ತಾಳಲ್ಲೋ ಕಳಸಾಕ," ಅಂದಳು. ಅವ್ವನ ಬಗ್ಗೆ ನಾನು ಯೋಚಿಸಿರಲಿಲ್ಲ.

ಹೊರಡುವ ದಿನ ನಡುಮಧ್ಯಾಹ್ನ ಪ್ಲಾಟ್‌ಫಾರ್ಮಿನ ಕಲ್ಲು ಚಪ್ಪಲಿಯೊಳಗಿಂದಲೂ ಸುಡುತ್ತಿತ್ತು. ಅವ್ವ ಬುತ್ತಿಯ ಗಂಟು ಹಿಡಿದು ನಿಂತಿದ್ದಳು. ಮಾಮಾ ಅಕ್ಕನ ರಟ್ಟೆ ಹಿಡಿದು ಟ್ರಂಕಿನ ಮೇಲೆ ಕೂರಿಸಿದ್ದ. ಬಿಟ್ಟರೆ ಹಾರುವ ಕೋಳಿಯನ್ನು ಹಿಡಿದ ಹಾಗೆ ಹಿಡಿದಿದ್ದ. ಗಾಡಿ ಬಂದು ನಿಂತಿತು. ನೀರು ತರುತ್ತೇನೆ ಅಂತ ಹೇಳಿ ನಾನು ರೈಲ್ವೆ ಹವಾಲ್ದಾರನ ಹತ್ತಿರ ಓಡಿದೆ.

"ಸಾಹೇಬ, ಆ ಮನುಷ್ಯ ನಮ್ಮ ಅಕ್ಕನನ್ನ ನೇಪಾಳಕ್ಕ ಒಯ್ಯಾಕ್ಹತ್ಯಾನ. ಹೊಡದು ಒಯ್ಯಾಕ್ಹತ್ಯಾನ," ಅಂತ ಹಿಂದಿಯಲ್ಲಿ ಹೇಳಿದೆ.

"ಅವಳಿಗೆ ಏನಾಗಬೇಕು ಅವನು?"

"ನೀವ ಕೇಳ್ರಿ."

ಹವಾಲ್ದಾರ ಬಂದು ಅಕ್ಕನ ಮುಂದೆ ಲಾಠಿ ಊರಿ ನಿಂತ. ಯೇ ಕೌನ್ ಹೈ ತುಮ್ಹಾರಾ ಅಂತ ಕೇಳಿದ. ಅಕ್ಕ ನನ್ನ ಕಡೆ ನೋಡಿದಳು, ಅವ್ವನ ಕಡೆ ನೋಡಿದಳು.

"ಮಾಮಾ," ಅಂದಳು.

"ಬೀವಿ ಹೈ ಮೇರೀ!" ಅಂತ ಉಮಾಕಾಂತ ಎದೆ ಉಬ್ಬಿಸಿ ಮುಂದೆ ಬಂದ.

ಹವಾಲ್ದಾರನ ಮುಖ ಬದಲಾಯಿತು. ಸುತ್ತ ನಾಲ್ಕು ಜನ ನಿಂತರು, ಆಮೇಲೆ ನಲವತ್ತು. "ಮಾಮಾ ಅನ್ನುತ್ತಾಳೆ, ಇವನು ಹೆಂಡತಿ ಅನ್ನುತ್ತಾನೆ, ಗಾಡಿ ಗೋರಖಪುರದ್ದು, ನೇಪಾಳಕ್ಕೆ ಮಾರಲು ಒಯ್ಯುತ್ತಿದ್ದಾನೆ," ಅಂತ ಸಫಾರಿ ಸೂಟಿನವನೊಬ್ಬ ದೊಡ್ಡ ದನಿಯಲ್ಲಿ ಎಲ್ಲರಿಗೂ ತಿಳಿಸಿ ಹೇಳಿದ.

ಆಗ ಅವ್ವ ನುಗ್ಗಿ ಬಂದಳು. ತಮ್ಮನನ್ನು ಉಳಿಸಲಿಕ್ಕೇ ಬಂದಳು. ತನ್ನ ಬಜಾರದ ಮರಾಠಿಯಲ್ಲಿ, ಒಳ್ಳೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು: "ಮಾಝಾ ಭಾವೂ ಆಹೇ, ಸಾಹೇಬ. ಸಖ್ಖಾ ಭಾವೂ! ಮೀಚ ದಿಲೀ ಮುಲಗೀ." ನನ್ನ ತಮ್ಮ ಇವನು, ಒಡಹುಟ್ಟಿದವ, ನಾನೇ ಕೊಟ್ಟೆ ಮಗಳನ್ನು.

ಒಡಹುಟ್ಟಿದವ ಅಂದರೆ ಹವಾಲ್ದಾರನಿಗೆ ಭರವಸೆ ಬರುತ್ತದೆ ಅಂದುಕೊಂಡಿದ್ದಳು. ನಮ್ಮವರಾಗಿದ್ದರೆ ಬರುತ್ತಿತ್ತು.

ಮೊದಲ ಏಟು ಸಫಾರಿಯವನದು. ಆಮೇಲೆ ಯಾರದು ಅಂತ ಲೆಕ್ಕವಿಲ್ಲ. ಚಪ್ಪಲಿ, ಬೂಟು, ಬಕೀಟು, ಯಾರದೋ ಬೆತ್ತದ ಛತ್ರಿ. ಉಮಾಕಾಂತ ಇಬ್ಬರನ್ನು ಎತ್ತಿ ಒಗೆದ. ಮೂರನೆಯವನು ಟ್ರಂಕು ಎತ್ತಿ ಅವನ ಮುಖಕ್ಕೆ ಹಾಕಿದ. ದವಡೆ ಲಟಕ್ ಅಂದದ್ದು ನನಗೆ ಕೇಳಿಸಿತು. ಸುಳ್ಳು ಯಾಕೆ ಹೇಳಲಿ, ಆ ಸಪ್ಪಳ ನನಗೆ ಸಿಹಿಯಾಯಿತು. ನಾನೂ ಸಂದಿಯಲ್ಲಿ ತೂರಿ ಅವನ ಪಕ್ಕೆಗೆ ಒದ್ದೆ, ಅಕ್ಕನ ಕಿವಿಯ ಸಲುವಾಗಿ ಒಂದು, ಬೆರಳಿನ ಸಲುವಾಗಿ ಒಂದು.

ಆಗ ಸಫಾರಿಯವ ಕೂಗಿದ: "ತಾಯಿನೂ ಬಿಡಬೇಡಿ! ಹೊಟ್ಟೆಯ ಮಗಳನ್ನ ತಮ್ಮನ ಹಾಸಿಗೆಗೆ ಹಾಕಿದ್ದಾಳೆ!" ಕೂಗಿ ಅವ್ವನ ಕೆನ್ನೆಗೆ ಬಾರಿಸಿದ. ಒಬ್ಬ ಮುದುಕಿ ಅವಳ ಸೆರಗಿಗೆ ಉಗುಳಿದಳು. ಅವ್ವ ಬಿದ್ದಳು, ಬುತ್ತಿ ಬಿಚ್ಚಿತು. ರೊಟ್ಟಿಗಳ ಮೇಲೆ ಕಾಲುಗಳು ಓಡಾಡಿದವು.

"ಗಿರೀ!" ಅಂತ ಅವ್ವ ಒದರಿದಳು. ಹೆದರಿಕೆಯಲ್ಲಿ ಅವಳ ಮರಾಠಿ ಹಾರಿಹೋಗಿ ಕನ್ನಡ ಒಂದೇ ಉಳಿದಿತ್ತು. "ಹೇಳೋ ಇವರಿಗೆ! ನಮ್ಮಾಗ ನಡೀತೈತಿ ಅಂತ ಹೇಳೋ! ಲಗ್ನಾ ಮಾಡಿ ಕೊಟ್ಟೇವಿ, ಅಕ್ಕಿಕಾಳ ಹಾಕಿ ಕೊಟ್ಟೇವಿ ಅಂತ ಹೇಳೋ!"

ಹವಾಲ್ದಾರ ನನ್ನ ಅಂಗಿ ಹಿಡಿದು ಜಗ್ಗಿದ. "ಕಾಯ್ ಮ್ಹಣತೇ ಹೀ?" ಏನನ್ನುತ್ತಾಳೆ ಇವಳು?

ಗಾಡಿ ಸೀಟಿ ಹಾಕಿತು. ನಮ್ಮಲ್ಲಿ ನಡೆಯುತ್ತದೆ ಅಂತ ಒಂದು ಮಾತು ಹೇಳಿದರೆ ಅವ್ವ ಉಳಿಯುತ್ತಿದ್ದಳು. ಅದೇ ಮಾತಿಗೆ ಅವನು ಗಂಡನಾಗುತ್ತಿದ್ದ. ಮನೆಯ ಮಾತಾಗುತ್ತಿತ್ತು. ಹವಾಲ್ದಾರ ತಾನೇ ಅಕ್ಕನನ್ನು ಡಬ್ಬಿ ಹತ್ತಿಸಿ ಕಳಿಸುತ್ತಿದ್ದ.

"ತಪ್ಪಾಯಿತು ಅನ್ನುತ್ತಾಳೆ, ಸಾಹೇಬ," ಅಂತ ಹಿಂದಿಯಲ್ಲಿ ಹೇಳಿದೆ. "ಕ್ಷಮಾ ಮಾಡಿ ಅನ್ನುತ್ತಾಳೆ."

ಜನರಿಗೆ ಅದು ಕೇಳಿಸಿತು. ಸಫಾರಿಯವ ಇನ್ನೊಂದು ಬಾರಿಸಿದ. ಅವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕ್ಷಮಾ ಅನ್ನುವ ಮಾತು ಅವಳಿಗೆ ತಿಳಿಯುತ್ತದೆ.

ಗಾಡಿ ಹೊರಟಿತು. ಅವರ ಎರಡು ಸೀಟು ಖಾಲಿಯೇ ಹೋದವು. ಹವಾಲ್ದಾರ ಕಡೆಗೂ ಲಾಠಿ ಬೀಸಿ ಜನರನ್ನು ಚದುರಿಸಿದ. ಪುಸ್ತಕ ತೆಗೆದು ಅಕ್ಕನನ್ನು ಕೇಳಿದ. ಅವಳು ಕಿವಿ ತೋರಿಸಿದಳು, ಬೆರಳು ತೋರಿಸಿದಳು. ಇವನ ಸಂಗಡ ಹೋಗುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ, ಬರೆದುಕೊಳ್ಳಿ ಅಂತ ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿ ಸಹಿ ಮಾಡಿದಳು. ಅಷ್ಟು ಗಟ್ಟಿ ದನಿ ಅವಳಿಗಿದೆ ಅಂತ ಎರಡು ವರ್ಷದಿಂದ ನಾನು ಮರೆತಿದ್ದೆ.

ಅವ್ವ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನ ದವಡೆಗೆ ಸೆರಗು ಕಟ್ಟುತ್ತಿದ್ದಳು. ಅವಳ ತುಟಿಯಿಂದಲೂ ರಕ್ತ ಸೋರುತ್ತಿತ್ತು. ನಾನು ಹತ್ತಿರ ಹೋದೆ.

"ಮುಟ್ಟಬ್ಯಾಡ," ಅಂದಳು. "ನಿನ್ನ ನಾಲಗಿಗಿ ಹುಳ ಬೀಳಲಿ. ಹೊಡದೋರು ಯಾರೋ ಪರದೇಶಿಗೋಳು, ಅವರಿಗೇನ ಗೊತ್ತು. ನಿನಗ ಗೊತ್ತಿತ್ತು."

ಪೊಲೀಸರು ಅವನನ್ನು ಆಸ್ಪತ್ರೆಗೆ ಸಾಗಿಸಲು ಆಟೋ ತಂದರು. ಅವ್ವನೂ ಹತ್ತಿದಳು. ನಮ್ಮ ಕಡೆ ತಿರುಗಿ ನೋಡಲಿಲ್ಲ.

ಅಕ್ಕ ಕಾಲಡಿ ಬಿದ್ದ ರೊಟ್ಟಿಗಳನ್ನು ಒಂದೊಂದೇ ಎತ್ತಿ ಅರಿವೆಯಲ್ಲಿ ಕಟ್ಟುತ್ತಿದ್ದಳು. "ನೀ ಅವ್ವನ ಮಾತು ತಪ್ಪು ಹೇಳಿದಿ," ಅಂದಳು.

"ಹೂಂ."

"ನನಗೂ ಹಿಂದಿ ಬರ್ತೈತಿ. ನಾನೂ ಸುಮ್ಮನಿದ್ದೆ." ಅಷ್ಟು ಹೇಳಿ ಗಂಟು ಬಿಗಿದಳು.

ಚಹಾದ ಗಾಡಿಯ ಹತ್ತಿರ ಸಫಾರಿಯವ ನಿಂತಿದ್ದ. ಅವ್ವನ ಕೆನ್ನೆಗೆ ಬಾರಿಸಿದ ಕೈಯಲ್ಲೇ ಬಶಿ ಹಿಡಿದು ಚಹಾ ಊದುತ್ತ, ತಾನು ಹೇಗೆ ಒಂದು ಹುಡುಗಿಯನ್ನು ಉಳಿಸಿದೆ ಅಂತ ಇನ್ನಿಬ್ಬರಿಗೆ ಹೇಳುತ್ತಿದ್ದ. ನನ್ನನ್ನು ನೋಡಿ ನಕ್ಕ, ಜಾಗ ಮಾಡಿಕೊಟ್ಟ. ನಾನು ಬಶಿಯ ಸಮೇತ ಅವನ ಬಾಯಿಗೆ ಗುದ್ದಿದೆ. ಬಶಿ ಒಡೆದು ಅವನ ತುಟಿಯಲ್ಲಿ ನಟ್ಟಿತು.

"ಅರೇ ಭಾಯೀ," ಅಂದ, ಬಾಯಿಗೆ ಕೈ ಹಿಡಿದು. "ನಿನ್ನ ಅಕ್ಕನ ಸಲುವಾಗಿಯೇ ಹೊಡೆದೆನಲ್ಲೋ!"

"ಗೊತ್ತು," ಅಂದೆ. ಮತ್ತೆ ಗುದ್ದಿದೆ.