ನಾರ್ಬರ್ಟನ ಹದಿನಾಲ್ಕನೇ ಚೆಕ್ಕು

೨೦೨೪ರ ಫೆಬ್ರುವರಿ ೨೨, ಗುರುವಾರ, ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷ. ವಿಸ್ಕಾನ್ಸಿನ್ನಿನ ನಮ್ಮ ಚೀಸ್ ಕಾರ್ಖಾನೆಯಲ್ಲಿ ಸಂಬಳದ ಲೆಕ್ಕ ಬರೆಯುವುದು ನನ್ನ ಕೆಲಸ. ಚೀಸ್ ಕತ್ತರಿಸುವ ನಾರ್ಬರ್ಟ್ ಕ್ಲೆಪಾಕ್ ರಬ್ಬರ್ ಬೂಟಿನಲ್ಲೇ ಒಳಗೆ ಬಂದ.

"ವೆರ್ನಾ, ನಾಳೆ ನಂಗೆ ಚೆಕ್ ಬೇಡ. ನಾಲ್ಕು ವಾರದ್ದು ಒಟ್ಟಿಗೆ ಕೊಟ್ಬಿಡು."

"ಯಾಕಪ್ಪಾ, ಉಪವಾಸ ಮಾಡ್ತೀಯಾ?"

"ಕೋರ್ಟು ನಾಲ್ಕು ಸಲ ಕುಯ್ಯೋ ಬದಲು ಒಂದೇ ಸಲ ಕುಯ್ಯಲಿ. ಪ್ರತಿ ಕುಯ್ತಕ್ಕೂ ಪುಡಿ ಉದುರುತ್ತೆ ಕಣೆ. ಮೂವತ್ತು ವರ್ಷದಿಂದ ನೋಡಿದೀನಿ."

ದಂತವೈದ್ಯ ಸ್ಟೆನ್ಸ್‌ರುಡ್ ಇವನಿಗೆ ಮುಂದಿನ ಹಲ್ಲೊಂದನ್ನು ಕಟ್ಟಿಕೊಟ್ಟಿದ್ದರು. ಇವನು ದುಡ್ಡು ಕೊಡಲಿಲ್ಲ. ಅವರು ಕೋರ್ಟಿಗೆ ಹೋದರು. ಅಲ್ಲಿಂದ ವಾರವಾರವೂ ಇವನ ಸಂಬಳದಲ್ಲಿ ಐದರಲ್ಲೊಂದು ಪಾಲು ಹಿಡಿಯಬೇಕೆಂದು ಆಜ್ಞೆ ಬಂತು. ಆದರೂ ಇಬ್ಬರೂ ಪೋಲ್ಕಾ ಕುಣಿತಕ್ಕೆ ವಾದ್ಯ ನುಡಿಸುವ ಒಂದೇ ತಂಡದವರು. ಶನಿವಾರ ಚರ್ಚಿನ ಸಭಾಂಗಣದಲ್ಲಿ ಕುಣಿತವಿತ್ತು. ನಾರ್ಬರ್ಟನ ಟ್ರಂಪೆಟ್ಟು ಮಾತ್ರ ರಿಪೇರಿಯವನ ಅಂಗಡಿಯಲ್ಲಿ, ನೂರ ಮೂವತ್ತು ಡಾಲರಿಗಾಗಿ ಕಾಯುತ್ತಿತ್ತು. ಪಾಲು ಹಿಡಿದ ಸಂಬಳದಲ್ಲಿ ಮನೆ ಬಾಡಿಗೆ ಕಟ್ಟಿದರೆ ಅದನ್ನು ಬಿಡಿಸಿಕೊಳ್ಳಲು ದುಡ್ಡು ಸಾಲದು.

"ನಾಲ್ಕು ವಾರ ಕಾದ್ರೆ ಶನಿವಾರ ಏನು ಊದ್ತೀಯೋ?" ಎಂದೆ.

ಅವನು ತಲೆ ಕೆರೆದುಕೊಂಡ. "ಅದೊಂದು ಯೋಚಿಸಿರ್ಲಿಲ್ಲ."

"ಇನ್ನು ಪುಡಿ. ನಲವತ್ತು ಪೌಂಡಿನ ಚೀಸ್ ಗಡ್ಡೇಲಿ ಐದರಲ್ಲೊಂದು ಎಷ್ಟು?"

"ಎಂಟು."

"ಹತ್ತು ಪೌಂಡಿನ ನಾಲ್ಕು ಗಡ್ಡೇಲಿ?"

ಅವನು ಬೆರಳು ಮಡಚಿ ಎಣಿಸಿದ. "ಅದೂ ಎಂಟೇ. ಥೂ! ಹಾಗಾದ್ರೆ ಕೋರ್ಟಿನ ಚಾಕು ನಮ್ಮದಕ್ಕಿಂತ ಹರಿತ."

ನಂಬಿಕೆ ಬರಲೆಂದು ಆಜ್ಞೆಯ ಕಾಗದವನ್ನೇ ತೆಗೆದು ತೋರಿಸಿದೆ. ಐದರಲ್ಲೊಂದು ಎಂಬ ಸಾಲಿನ ಕೆಳಗೇ ಇನ್ನೊಂದು ಸಾಲಿತ್ತು: ಕಾಗದ ತಲುಪಿದ ದಿನದಿಂದ ಹದಿಮೂರು ವಾರಗಳೊಳಗೆ ಶುರುವಾಗುವ ಸಂಬಳದ ವಾರಗಳಿಗೆ ಮಾತ್ರ. ನಮಗದು ತಲುಪಿದ್ದು ನವೆಂಬರ್ ಏಳರಂದು. ಕ್ಯಾಲೆಂಡರಿನ ಭಾನುವಾರಗಳನ್ನು ಎರಡು ಸಲ ಎಣಿಸಿದೆ. ಹದಿಮೂರನೆಯದು ಫೆಬ್ರುವರಿ ನಾಲ್ಕು. ನಾಳೆಯ ಚೆಕ್ಕು ಹನ್ನೊಂದರಿಂದ ಶುರುವಾದ ವಾರದ್ದು. ಅಭ್ಯಾಸಬಲದಿಂದ ನಾನು ಅದರಲ್ಲೂ ಪಾಲು ಕಳೆದು ಬರೆದಿಟ್ಟಿದ್ದೆ. ಹೊಡೆದುಹಾಕಿದೆ.

"ಈ ವಾರ ಕುಯ್ಯೋ ಹಾಗಿಲ್ಲ, ನಾರ್ಬರ್ಟ್. ಡಾಕ್ಟ್ರು ಮತ್ತೆ ಕೋರ್ಟಿಗೆ ಹೋಗೋವರೆಗೂ ಪೂರ್ತಿ ನಿಂದೇ."

ಅವನು ಹಲ್ಲು ಕಿರಿದ. ಡಾಕ್ಟರು ಕಟ್ಟಿದ ಹಲ್ಲು ಎದ್ದು ಕಂಡಿತು.

ಹತ್ತು ಗಂಟೆಗೆ ಡಾಕ್ಟರ ಫೋನು ಬಂತು. "ಈ ವಾರದ ಪಾಲು ಹೊರಟಿತೇನಮ್ಮಾ?"

"ಇಲ್ಲ ಡಾಕ್ಟ್ರೇ, ಅವಧಿ ಮುಗೀತು. ಹೊಸದಾಗಿ ಅರ್ಜಿ ಹಾಕ್ಬೇಕು."

"ಕೊಟ್ಟೋನು ಕೋಡಂಗಿ ಅಂದ್ರೆ ನಾನೇ! ಇವತ್ತೇ ಹಾಕ್ತೀನಿ ನೋಡು. ಅಂದ ಹಾಗೆ, ಅವನ ಟ್ರಂಪೆಟ್ಟು ಬಂತಾ?"

"ನಾಳೆ ಪೂರ್ತಿ ಸಂಬಳ ಸಿಕ್ಕಿದ್ರೆ ಬರುತ್ತೆ."

ಆ ಕಡೆ ಹಲ್ಲು ಕೊರೆಯುವ ಯಂತ್ರದ ಸದ್ದು ನಿಂತಿತು.

"ಹಾಗಾದ್ರೆ ಸೋಮವಾರ ಹಾಕ್ತೀನಿ," ಎಂದರು ಡಾಕ್ಟರು.

ಶುಕ್ರವಾರ ನಾರ್ಬರ್ಟನ ಕೈಗೆ ಬಂದ ಚೆಕ್ಕು: ಪಾಲು ಹಿಡಿಯದೆ ಪೂರ್ತಿ ಆರುನೂರ ಎಂಬತ್ತೈದು ಡಾಲರ್ ಇಪ್ಪತ್ತು ಸೆಂಟ್.