ಒಂದಾಳು ಬಾಕಿ

ಕಾರ್ತಿಕ ಕಳೆಯುತ್ತ ಬಂದಿತ್ತು. ತೆಂಗಿನ ಗರಿಗಳಿಂದ ಮಂಜು ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಗುಬ್ಬಿ ಕಡೆಯ ಆ ಊರಿನ ಹೊಲಗಳಲ್ಲಿ ಕುಡುಗೋಲು ಆಡತೊಡಗಿದ್ದವು. ಅವತ್ತು ಬೆಟ್ಟಸ್ವಾಮಿಯ ಹೊಲದಲ್ಲಿ ರಾಗಿ ಕುಯ್ಲು. ಕುಯ್ದದ್ದನ್ನು ಹಿಡಿಹಿಡಿಯಾಗಿ ನೆಲಕ್ಕೆ ಹಾಸುತ್ತ ಏಳೆಂಟು ಮಂದಿ ಬಗ್ಗಿಕೊಂಡು ಮುಂದೆ ಸಾಗಿದ್ದರು. ಕೂಲಿಗೆ ಬಂದವರು ಒಬ್ಬರೂ ಇಲ್ಲ, ಎಲ್ಲ ಮುಯ್ಯಾಳು. ಇವತ್ತು ಅವರು ಇವನ ಹೊಲಕ್ಕೆ ಬಂದರೆ, ಅವರ ಕುಯ್ಲಿಗೆ ಇವನ ಮನೆಯಿಂದ ಅಷ್ಟೇ ಜನ ಹೋಗಬೇಕು. ದುಡ್ಡಿನ ಮಾತು ಅಲ್ಲಿ ಬರುವುದಿಲ್ಲ.

ಪಕ್ಕದ ಹೊಲದ ಓಬಳಮ್ಮನ ಮನೆಯಿಂದ ಮೂವರು ಬಂದಿದ್ದರು. ಓಬಳಮ್ಮ, ಅವಳ ಸೊಸೆ, ಮತ್ತೆ ಕುಣಿಗಲ್ಲಿನ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಮಗ ಮುತ್ತುರಾಜ್. ಭಾನುವಾರವೆಂದು ಊರಿಗೆ ಬಂದವನ ಕೈಗೆ ತಾಯಿ ಕುಡುಗೋಲು ಹಿಡಿಸಿದ್ದಳು.

“ಇವ್ನನ್ನೂ ಒಂದಾಳು ಅಂತ ಲೆಕ್ಕಕ್ಕೆ ಇಟ್ಕಬ್ಯಾಡ ಕಣ್ಲಾ ಬೆಟ್ಟಸ್ವಾಮಿ,” ಎಂದಳು ಓಬಳಮ್ಮ. “ಫೈಲ್ ಕಟ್ಟೋ ಕೈ ಅದು. ಅರ್ಧ ಆಳು ಅಂತ ಇಟ್ಕೊ, ಸಾಕು.”

ಬೆಟ್ಟಸ್ವಾಮಿ ನಕ್ಕ. ಆದರೆ ಅವನ ಪಾಲಿಗೆ ಮುತ್ತುರಾಜ್ ಅರ್ಧ ಆಳಾಗಿರಲಿಲ್ಲ. ಮಗಳು ಮಾನಸಾಗೆ ತುಮಕೂರಿನಲ್ಲಿ ಎಂ.ಎ. ಅರ್ಥಶಾಸ್ತ್ರಕ್ಕೆ ಸೀಟು ಸಿಕ್ಕಿತ್ತು. ತೆಂಗಿನಿಂದ ಬರುವುದು ಮನೆಗೆ ಸರಿಹೋಗುತ್ತಿತ್ತೇ ಹೊರತು ಫೀಜು, ಅಲ್ಲೇ ಹತ್ತಿರದ ಕ್ಯಾತ್ಸಂದ್ರದಲ್ಲಿ ಉಳಿಯುವ ಖರ್ಚು ಅದರಲ್ಲಿ ನೀಗುವಂತಿರಲಿಲ್ಲ. ಸರ್ಕಾರದ ನಿಗಮವೊಂದು ಓದಿಗೆಂದು ಸಾಲ ಮಂಜೂರು ಮಾಡಿತ್ತು. ಸರ್ಕಾರಿ ಸಂಬಳದವರೊಬ್ಬರು ಬಂದು ಜಾಮೀನಿಗೆ ಸಹಿ ಹಾಕುವುದಷ್ಟೇ ಬಾಕಿ. ಬೆಟ್ಟಸ್ವಾಮಿಗೆ ಕೇಳುವಷ್ಟು ಸಲಿಗೆಯಿದ್ದ ಸರ್ಕಾರಿ ಸಂಬಳದವನು ಇವನೊಬ್ಬನೇ. ಶುಕ್ರವಾರ ಕಡೆಯ ದಿನ. ಮಂಗಳವಾರವೇ ಕುಣಿಗಲ್ಲಿನಿಂದ ನೇರ ತುಮಕೂರಿಗೆ ಬಂದುಬಿಡುತ್ತೇನೆಂದು ಅವನು ಒಪ್ಪಿದ್ದ.

ಒಪ್ಪಿದ್ದ, ಅಷ್ಟೇ. ಮೆಚ್ಚಿರಲಿಲ್ಲ.

“ಸೈನ್ ಹಾಕ್ತೀನಿ ಚಿಕ್ಕಪ್ಪ, ಆ ಮಾತು ಬೇರೆ,” ಎಂದ ಮುತ್ತುರಾಜ್, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ. “ಆದ್ರೆ ಎಂ.ಎ.ಗೆಲ್ಲ ಸರ್ಕಾರ ಸಾಲ ಕೊಡೋದೇ ತಪ್ಪು. ಡಿಗ್ರಿಗಂಟ ಓದ್ಸಾಯ್ತು. ಆಮೇಲೆ ಬೇಕಾದೋರು ದುಡ್ಕೊಂಡು ಓದ್ಲಿ. ಕಂಪ್ಯೂಟರ್ ಕುಟ್ಟೋ ಕೆಲ್ಸ ಐತಾ ಅಂತ ನಮ್ಮಾಫೀಸಿಗೆ ಬರೋರ್ನ ನೋಡ್ಬೇಕು ನೀನು. ಅರ್ಧ ಜನ ಎಂ.ಎ.ಗಳೇ.”

“ಹಂಗಾದ್ರೆ ಬೋರ್‌ವೆಲ್ಲಿಗೆ ಯಾಕ್ಲಾ ಕೊಡ್ತೈತೆ?” ಓಬಳಮ್ಮ ಬಗ್ಗಿದ್ದಲ್ಲಿಂದಲೇ ಕೇಳಿದಳು. “ನಮ್ಮ ಹೊಲದಲ್ಲಿ ಕೊರೆಸ್ದಾಗ ನೀರು ಬಂತಾ? ಧೂಳು ಬಂತು. ಸಾಲ ಮಾತ್ರ ಕೊಟ್ರಪ್ಪ, ಧಾರಾಳವಾಗಿ.”

“ಅದು ಮನೆಮಂದಿಗೆಲ್ಲ ಆಗೋದು ಕಣವ್ವ. ಇದು ಒಬ್ಳಿಗೆ.”

“ಹೂಂ, ಧೂಳು ಮನೆಮಂದಿಗೆಲ್ಲ ಆಯ್ತು ಬುಡು.”

ಕುಯ್ಯುತ್ತಿದ್ದವರೆಲ್ಲ ನಕ್ಕರು. ಓಬಳಮ್ಮನ ಸೊಸೆ ಪಕ್ಕದಲ್ಲಿ ಕುಯ್ಯುತ್ತಿದ್ದ ಮಾನಸಾಳ ಕಡೆ ತಿರುಗಿ, “ಅದೇನ್ ಪಾಠನೇ ನೀನು ಓದೋದು?” ಎಂದಳು.

“ದುಡ್ಡು, ಬೆಲೆ, ಸಾಲ... ಇಂಥವೇ ಅತ್ತಿಗೆ.”

“ಸಾಲ ಮಾಡಿ ಸಾಲದ ಪಾಠ ಓದ್ತೀಯಾ! ನಿಮ್ಮಪ್ಪನ್ನೇ ಕೇಳಿದ್ರೆ ಪುಕ್ಸಟ್ಟೆ ಹೇಳ್ಕೊಡ್ತಿದ್ನಲ್ಲೇ!”

ಮಾನಸಾ ನಕ್ಕು, ಆಮೇಲೆ ನಗು ನಿಲ್ಲಿಸಿ ಮುತ್ತುರಾಜನಿಗೆ ಹೇಳಿದಳು: “ಸರ್ಕಾರ ಕೊಡ್ದಿದ್ರೆ ಉಳ್ಳೋರ ಮಕ್ಳು ಮಾತ್ರ ಓದ್ತಾರಣ್ಣ. ನಾನೇನು ಸುಮ್ನೆ ಕೊಡಿ ಅಂತಿಲ್ಲ. ವಾಪಸ್ ಕಟ್ತೀನಿ.”

“ಯಾವಾಗ?”

“ಕೆಲ್ಸ ಸಿಕ್ಕಾಗ.”

“ಸಿಗ್ದಿದ್ರೆ ನನ್ ಸಂಬಳದಲ್ಲಿ ಮುರ್ಕೊಂತಾರೆ.”

ಅದಕ್ಕೆ ಯಾರೂ ನಗಲಿಲ್ಲ.

ಸೋಮವಾರ ಸಂಜೆ ಮೋಡ ಕವಿಯಿತು. ಎರಡು ದಿನ ಮಳೆಯೆಂದು ಟೀವಿಯಲ್ಲಿ ಹೇಳಿದರು. ಮಾಗಿದ ರಾಗಿ ಮಳೆಗೆ ಸಿಕ್ಕಿದರೆ ತೆನೆ ಕಪ್ಪಾಗುತ್ತದೆ. ನಾಳೆಯೇ ನಮ್ಮ ಕುಯ್ಲು ಎಂದು ಓಬಳಮ್ಮ ಹೇಳಿಕಳಿಸಿದಳು. ಬೆಟ್ಟಸ್ವಾಮಿಗೆ ದಿಕ್ಕು ತೋಚಲಿಲ್ಲ. ಹೆಂಡತಿ ಹನುಮಂತಮ್ಮ ಜ್ವರ ಬಂದು ಕೀಲು ಹಿಡಿದು ಮಲಗಿದ್ದಳು. ನಾಳೆಯೇ ಮಗಳ ಜೊತೆ ತುಮಕೂರಿನ ಕಚೇರಿಗೆ ತಾನೂ ಹೋಗಿ ಸಹಿ ಹಾಕಬೇಕು. ಮನೆಯಿಂದ ಕಳಿಸಲು ಒಂದು ಆಳೂ ಇಲ್ಲ. ಮಳೆ ಇವನ ಬಿಡುವು ಕಾಯುವುದಿಲ್ಲ.

ಜಗಲಿಯ ಮೇಲೆ ಕೂತು ಯೋಚಿಸಿ, ಮುತ್ತುರಾಜನ ನಂಬರಿಗೆ ಮೂರು ಆಳಿನ ಕೂಲಿಯನ್ನು ಫೋನ್‌ಪೇ ಮಾಡಿದ. ಪೇಟೆಯಿಂದ ಆಳು ತರಿಸಿಕೊಳ್ಳಲಿ ಎಂದು ಮೇಲೊಂದಿಷ್ಟು ಸೇರಿಸಿದ. ಮನಸ್ಸು ಹಗುರಾಯಿತು. ನಿದ್ದೆಯೂ ಚೆನ್ನಾಗಿ ಬಂತು.

ಮಂಗಳವಾರ ತುಮಕೂರಿನ ಆ ಕಚೇರಿಯ ಬೆಂಚಿನ ಮೇಲೆ ತಂದೆ ಮಗಳು ಊಟದ ಹೊತ್ತು ಮೀರುವವರೆಗೂ ಕಾದರು. ಮುತ್ತುರಾಜ್ ಬರಲಿಲ್ಲ. ಫೋನು ಎತ್ತಲಿಲ್ಲ. ಕೊನೆಗೆ ಅವನೇ ಫೋನು ಮಾಡಿದ.

“ಚಿಕ್ಕಪ್ಪ, ನೀನು ದುಡ್ಡು ಹಾಕಿರೋದು ಬೆಳಗ್ಗೆ ಅವ್ವಂಗೆ ಹೇಳ್ದೆ. ‘ಕೂಲಿ ಬಿಸಾಕಿ ಲೆಕ್ಕ ಚುಕ್ತಾ ಮಾಡ್ಕೊಂಡವ್ನೆ, ಇನ್ ನಮ್ಗೂ ಅವ್ರಿಗೂ ಏನೈತೆ? ಜಾಮೀನನ್ನೂ ದುಡ್ಡು ಕೊಟ್ಟೇ ತಗೊಳ್ಳಲಿ’ ಅಂದ್ಲು. ಸೈನ್ ಹಾಕಿದ್ರೆ ಮನೆಗೆ ಬರ್ಬ್ಯಾಡ ಅಂತಾಳೆ. ನಾನೇನ್ ಮಾಡ್ಲಿ?”

ಅವನ ದನಿಯಲ್ಲಿ ಬೇಸರದ ಜೊತೆಗೆ, ಭಾರ ಇಳಿದವನ ಸಮಾಧಾನವೂ ಇದ್ದದ್ದು ಬೆಟ್ಟಸ್ವಾಮಿಗೆ ತಿಳಿಯಿತು.

ಗುಬ್ಬಿ ಬಸ್ಸಿನಲ್ಲಿ ಕೂತ ಮೇಲೆ ಮಾನಸಾ, “ದುಡ್ಡು ಕಳ್ಸಿದ್ಯಾ ಅಪ್ಪ?” ಎಂದಳು.

“ಮಳೆ ಬರ್ತೈತೆ ಅಂದ್ರಲ್ಲ. ರಾಗಿ ಹಾಳಾಗ್ಬಾರ್ದು ಅಂತ.”

“ಹೋಗಿ ಒಂದ್ ಮಾತು ಹೇಳ್ಬೋದಿತ್ತು.”

ಮುಯ್ಯಾಳಿಗೆ ಕೂಲಿ ಕೊಡುವುದೆಂದರೆ ಏನೆಂದು ಬೆಟ್ಟಸ್ವಾಮಿಗೆ ತಿಳಿಯದ್ದಲ್ಲ. ಅವನ ಅಪ್ಪನ ಕಾಲದಲ್ಲಿ, ಜಗಳವಾಡಿ ಮಾತು ಬಿಟ್ಟ ಮನೆಯವರು ಮಾತ್ರ ಹಾಗೆ ಎಣಿಸಿ ಜಗಲಿಯ ಮೇಲಿಟ್ಟು ಬರುತ್ತಿದ್ದರು. ಅಲ್ಲಿಗೆ ಆ ಎರಡು ಮನೆಗಳ ಬಾಗಿಲು ಮುಚ್ಚಿದ ಹಾಗೆ. ನೋಟು ಎಣಿಸಿಕೊಂಡು ಓಬಳಮ್ಮನ ಜಗಲಿಗೆ ಹೋಗು ಎಂದಿದ್ದರೆ ಅವನ ಕಾಲು ಏಳುತ್ತಿರಲಿಲ್ಲ. ಫೋನಿನ ಮೇಲೆ ಬೆರಳು ಒತ್ತಿದ್ದು ಎಣಿಸಿ ಕೊಟ್ಟ ಹಾಗೆ ಅನ್ನಿಸಿರಲೇ ಇಲ್ಲ.

ಮಳೆ ನಾಲ್ಕು ಹನಿ ಹಾಕಿ ಹೋಗಿತ್ತು. ಬುಧವಾರ ಬೆಳಗಾಗುತ್ತಲೇ ಅಪ್ಪ ಮಗಳು ಇಬ್ಬರೂ ಕುಡುಗೋಲು ಹಿಡಿದು ಓಬಳಮ್ಮನ ಹೊಲಕ್ಕೆ ಹೋದರು. ಅರ್ಧ ಹೊಲ ಇನ್ನೂ ನಿಂತಿತ್ತು. ಪೇಟೆಯ ಆಳು ಯಾರೂ ಬಂದಿರಲಿಲ್ಲ. ಓಬಳಮ್ಮ ಬನ್ನಿ ಅನ್ನಲಿಲ್ಲ, ಹೋಗಿ ಅನ್ನಲಿಲ್ಲ. ಇವರು ಬದುವಿನ ಕಡೆಯಿಂದ ಕುಯ್ಯತೊಡಗಿದರು. ಕಾಲೇಜು ಸೇರಿದ ಮೇಲೆ ಮಾನಸಾಳ ಕೈ ನಿಧಾನವಾಗಿತ್ತು. ಬೆಟ್ಟಸ್ವಾಮಿ ತನ್ನದನ್ನು ಮುಗಿಸಿ ಅವಳ ಪಾಲಿಗೂ ಕೈ ಹಾಕಲು ಹೋದರೆ, “ಅವಳ್ದು ಅವಳೇ ಕುಯ್ಲಿ,” ಎಂದಳು ಓಬಳಮ್ಮ. ಬೆಳಗಿನಿಂದ ಆಡಿದ ಮೊದಲ ಮಾತು ಅದು.

ಮಧ್ಯಾಹ್ನ ಹೊಂಗೆ ಮರದ ಕೆಳಗೆ ಓಬಳಮ್ಮನೇ ಮಾನಸಾಳ ತಟ್ಟೆಗೆ ಮುದ್ದೆ ಇಟ್ಟು, ಅವರೆಕಾಳಿನ ಸಾರು ಬಿಟ್ಟಳು. “ನಿಮ್ಮವ್ವನ ಕೀಲು ಹೆಂಗೈತೆ?”

“ಕೂತ್ರೆ ಏಳಕ್ಕಾಗಲ್ಲ ದೊಡ್ಡಮ್ಮ.”

“ಹೇಳ್ಬಾರ್ದೇನೇ ಅದನ್ನ? ನಮ್ಗೇನು ಕನಸು ಬೀಳ್ತೈತಾ?” ಎಂದು ಬೆಟ್ಟಸ್ವಾಮಿಯನ್ನು ಒಮ್ಮೆ ನೋಡಿದಳು. ಊಟವಾದ ಮೇಲೆ ಸೊಸೆಯ ಫೋನು ಇಸಕೊಂಡು ಮಗನಿಗೆ ಹಚ್ಚಿಸಿದಳು. “ಏನ್ಲಾ, ಆ ದುಡ್ಡು ಇನ್ನೂ ನಿನ್ ತಾವ್ಲೇ ಐತಾ? ತಿರ್ಗ ಹಾಕು. ಈಗ್ಲೇ. ನಾಳೆ ತುಮಕೂರಿಗೆ ಹೋಗು.”

“ಅವ್ವ, ಜಾಮೀನು ಅಂದ್ರೆ ಆಟ ಅಲ್ಲ. ಸರ್ಕಾರ ಇಂಥ ಸಾಲ ಕೊಡೋದೇ ತಪ್ಪು ಅಂತ ನಾನು ಈಗ್ಲೂ ಅಂತೀನಿ.”

“ಅನ್ನು. ಸೈನ್ ಹಾಕ್ಬುಟ್ಟು ಅನ್ನು.”

ಸ್ವಲ್ಪ ಹೊತ್ತಿಗೆ ಬೆಟ್ಟಸ್ವಾಮಿಯ ಜೇಬಿನಲ್ಲಿ ಫೋನು ಟಿಣ್ ಎಂದಿತು. ಅವನು ತೆಗೆದು ನೋಡಲಿಲ್ಲ.

ಹೊತ್ತು ಇಳಿಯುವಷ್ಟರಲ್ಲಿ ಹೊಲ ಮುಗಿಯಿತು. “ಅತ್ತಿಗೆ, ಎರಡಾಳು ಸಂದ್ವು. ಮುತ್ತಂದು ಒಂದು ಉಳೀತು,” ಎಂದ ಬೆಟ್ಟಸ್ವಾಮಿ. “ಕಂತೆ ಕಟ್ಟೋ ದಿನ ಬಂದ್ಬುಡ್ತೀನಿ.”

“ನೀನ್ ಬರ್ಬ್ಯಾಡ. ಅದು ಇರ್ಲಿ. ಬರೋ ವರ್ಷ ಇವ್ಳು ಬಂದು ತೀರಿಸ್ಲಿ.”

“ಬರೋ ವರ್ಷ ಪರೀಕ್ಷೆ ಅಂತಾಳೆ.”

“ಅದ್ರಾಚೆ ವರ್ಷ ಬರ್ಲಿ. ನಾನೇನು ಸರ್ಕಾರನೇನ್ಲಾ, ನೋಟೀಸ್ ಕಳ್ಸಕ್ಕೆ?”

ಗುರುವಾರ ಮುತ್ತುರಾಜ್ ತುಮಕೂರಿನ ಕಚೇರಿಗೆ ಬಂದ. ಕರಾರಿನ ಒಂದೊಂದು ಸಾಲನ್ನೂ ಓದಿ, ಎರಡು ಕಡೆ ತಲೆಯಾಡಿಸಿ, ಸಹಿ ಹಾಕಿದ. “ಕಟ್ಬೇಕು ಕಣಮ್ಮ ನೀನು,” ಎಂದಷ್ಟೇ ಮಾನಸಾಗೆ ಹೇಳಿ ಕುಣಿಗಲ್ ಬಸ್ಸು ಹಿಡಿದ.

ಸಂಜೆ ಬೆಟ್ಟಸ್ವಾಮಿ ಮನೆಗೆ ಬಂದಾಗ, ಮಲಗಿದ್ದಲ್ಲಿಂದ ಹನುಮಂತಮ್ಮ ಕೇಳಿದಳು: “ಓಬಳಕ್ಕನ ಮನೇದು ಎಲ್ಲ ತೀರ್ತಾ?”

“ಒಂದಾಳು ಬಾಕಿ ಐತೆ,” ಎಂದ ಅವನು, ಬಾಗಿಲ ಬಳಿ ಬಿದ್ದಿದ್ದ ಎರಡು ಕುಡುಗೋಲನ್ನೂ ಸೂರಿಗೆ ಸಿಕ್ಕಿಸುತ್ತ.

ಹನುಮಂತಮ್ಮ ಸರಿಯೆಂಬಂತೆ ಮಗ್ಗುಲು ತಿರುಗಿದಳು.